ಚುಕ್ಕಿಯಿಲ್ಲದ ಚೀಟಿ

ಓಂಕಾರಮ್ಮ ಕೈಚೀಲ ಬೋರಲು ಹಾಕಿದರು
ನನ್ನ ಮೇಜಿನ ಮೇಲೆ. ಹನ್ನೊಂದು ವರ್ಷದ ಚೀಟಿಗಳು.
ಕೆಲವಕ್ಕೆ ಕೊಬ್ಬರಿಯ ಜಿಡ್ಡು ಹಿಡಿದು
ಅಕ್ಷರ ಆಚೆ ಬದಿಗೂ ಮೂಡಿದೆ.

"ವಿಮೆಯವ್ರು ಕೇಳವ್ರೆ ಕಣವ್ವ.
ಇದ್ರಾಗೆ ಅವ್ರು ಸತ್ತಿದ್ದು ಯಾವ್ದು, ತೆಗ್ದುಕೊಡು."

ಹಾಸನದ ಆಸ್ಪತ್ರೆ ಬರೆದಿದೆ: ಹೃದಯ ಸ್ತಂಭನ.
ಯಾರದ್ದು ನಿಲ್ಲುವುದಿಲ್ಲ.

ಅಂಕಿ ಗೆರೆ ದಾಟಿದರೆ ನಮ್ಮ ಯಂತ್ರ
ಪಕ್ಕದಲ್ಲೊಂದು ಚುಕ್ಕಿ ಹಾಕುತ್ತದೆ, ಆರು ಮೂಲೆಯದು.
ತಾರೀಖಿನಂತೆ ಜೋಡಿಸುತ್ತ ಹೋದೆ.
ಮೊದಲ ವರ್ಷ ಒಂದು: ಊಟವಾದ ಮೇಲೆ ಇನ್ನೂರ ಎಂಬತ್ತು.
ಆಮೇಲೆ ಮೂರು ತಿಂಗಳ ಸರಾಸರಿ, ಹತ್ತೂವರೆ.
ಆ ವರ್ಷ ಎಡಗಾಲಿನ ಕಿರುಬೆರಳು ಹೋಯಿತು.
ಅರಸೀಕೆರೆ ಮಂಡಿಯಲ್ಲಿ ಮೂಟೆ ಹೊರೋಕೆ ಒಂಬತ್ತು ಸಾಕು
ಎಂದು ನಕ್ಕಿದ್ದರು ಮರುಳಪ್ಪ,
ನಾನು ನರ ಹುಡುಕುತ್ತಿದ್ದಾಗ ತೋಳು ಚಾಚಿಕೊಂಡು.
ಮೂತ್ರದಲ್ಲಿ ಪ್ರೋಟೀನು, ಪ್ಲಸ್.
ಮರುವರ್ಷ ಪ್ಲಸ್ ಪ್ಲಸ್.
"ನೊರೆ ಬತ್ತದೆ, ಹಾಲು ಕರ್ದಂಗೆ."

ಹತ್ತನೆಯ ವರ್ಷ, ಶ್ರಾವಣದ್ದು, ಕೈಗೆ ಬಂತು.
ಖಾಲಿ ಹೊಟ್ಟೆಯಲ್ಲಿ ತೊಂಬತ್ತೆರಡು.
ಪಕ್ಕದಲ್ಲಿ ಏನೂ ಇಲ್ಲ.

ನೆನಪಿದೆ. ಈ ಕಿಟಕಿಯಿಂದಲೇ ಕೊಟ್ಟೆ.
"ಗೆದ್ರಲ್ಲ ಮರುಳಪ್ಪನವ್ರೆ" ಅಂದೆ.
ಮಾತ್ರೆ ಅರ್ಧ ಮಾಡಿದರೂ ಇಳಿಯುತ್ತಿದೆಯೆಂದು ಹಿಗ್ಗಿದ್ದರು.
ಅವತ್ತು ಒಬ್ಬಟ್ಟು ತಟ್ಟಿದ್ದನ್ನು
ಓಂಕಾರಮ್ಮ ಈಗ ಹೇಳುತ್ತಾರೆ, ದನಿ ತಗ್ಗಿಸಿ.
ಒಂದೇ ಒಂದು. ಅದ್ರಿಂದ್ಲೇ ಆಯ್ತೇನವ್ವ?

ಅಲ್ಲ.
ಮೂತ್ರಪಿಂಡ ಸೋತಾಗ ಇನ್ಸುಲಿನ್ ಬೇಗ ಕರಗುವುದಿಲ್ಲ,
ಮೈಯಲ್ಲೇ ನಿಲ್ಲುತ್ತದೆ. ಸಕ್ಕರೆ ತಾನಾಗಿ ಇಳಿಯುತ್ತದೆ,
ಅರೆಯಲು ಏನೂ ಉಳಿಯದ ಗಾಣ
ಹಗುರಾಗಿ ತಿರುಗುವ ಹಾಗೆ.

ಇದನ್ನು ನಾನು ಓದಿದ್ದೆ. ಪರೀಕ್ಷೆಗೂ ಬಂದಿತ್ತು.
ಕ್ರಿಯಾಟಿನಿನ್‌ಗೆ ಬೇರೆ ನೂರಿಪ್ಪತ್ತು ರೂಪಾಯಿ.
ಡಾಕ್ಟರು ಬರೆದಿರಲಿಲ್ಲ, ಅವರು ಕೇಳಲಿಲ್ಲ,
ಕೊಳವೆಯಲ್ಲಿ ಅರ್ಧ ರಕ್ತ ಇನ್ನೂ ಉಳಿದಿತ್ತು.
ಸಂಜೆ ಎಲ್ಲದರ ಜೊತೆ ಬಕೆಟ್ಟಿಗೆ ಹಾಕಿದೆ.

ಕೊನೆಯ ಚೀಟಿ ನಮ್ಮದಲ್ಲ, ಹಾಸನದ್ದು.
ಪೊಟ್ಯಾಷಿಯಂ ಏಳು ಪಾಯಿಂಟ್ ಎರಡು.
ಚುಕ್ಕಿಯಲ್ಲ, ಕೆಂಪು ಪೆನ್ನಿನ ಎರಡು ಸುತ್ತು.
ಅವಸರದ ಕೈ; ಕಾಗದ ಹರಿದಿದೆ.

"ಇದು" ಎಂದು ಅದನ್ನೇ ಕೊಟ್ಟೆ.

ಉಳಿದವನ್ನು ಚೀಲಕ್ಕೆ ತುಂಬುತ್ತ
ಓಂಕಾರಮ್ಮ ಒಂದನ್ನು ಬೇರೆ ತೆಗೆದರು.
ಓದು ಬರದು. ಚುಕ್ಕಿಯಿಲ್ಲದ್ದು ಕಾಣುತ್ತದೆ.
"ಇದು ನನ್ಗಿರ್ಲಿ. ಅವ್ರು ಚೆನ್ನಾಗಿದ್ದಾಗಿಂದು."
ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಸಂಚಿಯಲ್ಲಿಟ್ಟುಕೊಂಡರು.

ನಾನು ಬಾಯಿ ತೆರೆಯಲಿಲ್ಲ.
ಒಳಗಿನ ಮಡಿಕೆಯಲ್ಲಿ ನನ್ನ ಸಹಿಯಿದೆ.