ಹಾಲಿಗೆ ಎರಡು ಗಂಟೆ ದೂರ

ಉಣ್ಣಿಯ ಊಟಕ್ಕೆ ಎಲೆಯೂ ಬೇಡ, ಕರೆಯೂ ಬೇಡ.
ಉಂಡದ್ದು ಯಾವಾಗ, ಎದ್ದು ಹೋದದ್ದು ಯಾವಾಗ,
ನನಗೆ ತಿಳಿದರೆ ತಾನೆ.
ಪೈನ್ ಮರಗಳ ಬುಡದಲ್ಲಿ ಬ್ಲೂಬೆರಿ ಬಿಡಿಸುತ್ತ ಕೂತಿದ್ದೆ,
ಮಂಡಿಯ ಹಿಂದೆ ಎಳ್ಳಷ್ಟು ಕಪ್ಪು.
ಮಣ್ಣೆಂದು ಉಜ್ಜಿಬಿಟ್ಟೆ.

ಎರಡು ವಾರಕ್ಕೆ ಅಲ್ಲೊಂದು ಕೆಂಪು ಬಳೆ,
ದಿನಕ್ಕಿಷ್ಟು ಹಿಗ್ಗುತ್ತ
ಯಾರ ಕೈಗೂ ಅಳತೆಯಾಗದ ಬಳೆ.

ವರೇನಾ ಪೇಟೆಯ ಡಾಕ್ಟರ್ ಸ್ಕೈಸ್ಟೆ,
ನಾನು ಅವಳಜ್ಜಿಗೆ ಪಿಂಚಣಿ ಮುಟ್ಟಿಸಿದವಳು,
ಪೆನ್ನಿನಲ್ಲಿ ಬಳೆಯ ಅಂಚು ಬರೆದಳು,
ಹದಿನಾಲ್ಕು ದಿನಕ್ಕೆ ಇಪ್ಪತ್ತೆಂಟು ಮಾತ್ರೆ ಬರೆದಳು.
ಬಿಸಿಲಿಗೆ ಹೋಗಬೇಡಿ. ನುಂಗಿದೊಡನೆ ಮಲಗಬೇಡಿ.
ಹಾಲು ಮೊಸರು ಎರಡು ಗಂಟೆ ದೂರವಿರಲಿ.
ಮೊದಲ ದಿನ ಹೆಚ್ಚಾದೀತು, ಹೆದರಬೇಡಿ ಎಂದೂ ಅಂದಳಂತೆ.
ನಾನಾಗ ಹಸುವಿನ ಲೆಕ್ಕದಲ್ಲಿದ್ದೆ:
ನಮ್ಮೂರಿಗೆ ಬಿಸಿಲೆಂಬುದು ಬರುವುದೇ ಎರಡು ತಿಂಗಳು,
ಅದರಲ್ಲೂ ಬೇಡವಂತೆ.

ರಾತ್ರಿ ಒಂಬತ್ತಕ್ಕೆ ಮೊದಲ ಮಾತ್ರೆ.
ಕಿಟಕಿಯಲ್ಲಿ ಇನ್ನೂ ಬೆಳಕು.
ಹನ್ನೆರಡಕ್ಕೆ ಹಲ್ಲು ಹಲ್ಲನ್ನು ಹೊಡೆಯಿತು.
ಜುಲೈ ತಿಂಗಳಲ್ಲಿ ಜನವರಿಯ ಕಂಬಳಿ ಇಳಿಸಿದೆ,
ಅದರ ಮೇಲೆ ಅಂಚೆಯ ಕೋಟು, ಅದರ ಮೇಲೆ ನೆಲದ ಚಾಪೆ.
ಇಪ್ಪತ್ತಾರು ವರ್ಷ ಸೈಕಲ್ ತುಳಿದ ಮಂಡಿಗಳು,
ಹಿಮದಲ್ಲೂ ಮಾತು ತಪ್ಪದ ಮಂಡಿಗಳು,
ಹಾಸಿಗೆಯಿಂದ ಬಚ್ಚಲಿಗೆ ಒಲ್ಲೆವೆಂದವು.
ಬಳೆ ಕೆಂಡವಾಯಿತು,
ಪೆನ್ನಿನ ಗೆರೆ ದಾಟಿತು.

ಬೆಳಿಗ್ಗೆ ಜಿಗ್ಮಾಂತಾಸ್ ಬಂದ, ಪಕ್ಕದ ಮನೆಯವ.
ಹಾಲು ಕರೆದ, ನನ್ನ ಮುಖ ನೋಡಿದ.
"ಮಾತ್ರೆಗೆ ಮೊದಲು ನಿನಗೊಂದು ಕಲೆಯಿತ್ತು,
ಸಾಲ್ವಿನಿಯಾ, ಈಗ ರೋಗವಿದೆ.
ಎಸೆದುಬಿಡು."
ಅಂಚೆಯ ಚೀಲ ತಾನೇ ಹೆಗಲಿಗೆ ಹಾಕಿಕೊಂಡು ಹೊರಟ,
ಕಡೆಯ ಮನೆಗೆ ಮೊದಲು ಹೋಗುವ ದಾರಿ ಹಿಡಿದು.

ಎಸೆಯಬಹುದಿತ್ತು.
ಹೆಚ್ಚಾದದ್ದೆಲ್ಲ ಒಳ್ಳೆಯದಕ್ಕೆ ಎಂಬುದನ್ನು ನಾನು ನಂಬುವವಳಲ್ಲ.
ನನ್ನಮ್ಮನಿಗೆ ಹೆಚ್ಚಾಯಿತು,
ಹೆಚ್ಚಾಗಿಯೇ ಹೋದಳು.

ಫೋನಿನಲ್ಲಿ ಸ್ಕೈಸ್ಟೆ ಒಂದೊಂದೇ ಕೇಳಿದಳು:
ಉಸಿರು? ಎದೆ? ತುಟಿ ಊದಿದೆಯೇ? ಮೈ ಮೇಲೆ ದದ್ದು?
ಇಲ್ಲ. ಇಲ್ಲ. ಇಲ್ಲ. ಇಲ್ಲ.
ಹಾಗಾದರೆ ಅವು ಸಾಯುತ್ತಿರಬೇಕು, ಎಂದಳು,
ತಿರುಪು ಮೊಳೆಯಂಥವು, ಸುಮ್ಮನೆ ಸಾಯುವುದಿಲ್ಲ,
ಮಡಿಲಲ್ಲಿದ್ದ ನಂಜೆಲ್ಲ ಚೆಲ್ಲಿ ಸಾಯುತ್ತವೆ.
ನಾಳೆ ಸಂಜೆಗೂ ಇಳಿಯದಿದ್ದರೆ
ಸೈಕಲ್ ಬೇಡ, ಗಾಡಿ ಕಳಿಸುತ್ತೇನೆ.

ಇರಬೇಕು, ಅಂದಳು. ಹೌದು, ಅನ್ನಲಿಲ್ಲ.
ಆ "ಇರಬೇಕು"ವಿನ ಮೇಲೆ ಸ್ವಲ್ಪ ಹೊತ್ತು ಕೂತೆ.

ಕೆಟ್ಟ ಕಾಗದ ತಂದ ದಿನ
ನನ್ನ ಮೇಲೆ ನಾಯಿ ಛೂ ಬಿಟ್ಟವರಿದ್ದಾರೆ.
ಒಬ್ಬ ಮುದುಕ ಲಕೋಟೆಯನ್ನು ನನ್ನ ಕಾಲ ಬಳಿಯೇ ಹರಿದು ಹಾಕಿದ್ದ.
ಹರಿದರೆ ಒಳಗಿನ ಮಾತು ಹರಿಯುತ್ತದೆಯೇ?
ಮಾರನೆಯ ವಾರ ಮತ್ತೆ ಹೋದೆ, ಅದೇ ಮುದ್ರೆಯ ಇನ್ನೊಂದು ಹಿಡಿದು.
ಚಳಿಜ್ವರವೇ, ನೀನೂ ಬರಿಯ ಅಂಚೆಯವಳೋ ಏನೋ.
ಒಳಗೆ ಬಾ. ಆದರೆ ಕೂರಬೇಡ.

ಎರಡನೆಯದನ್ನು ನಿಂತೇ ನುಂಗಿದೆ.
ಮಲಗುವಂತಿಲ್ಲವಲ್ಲ, ಒಲೆಯ ಗೋಡೆಗೆ ಒರಗಿ
ಅರ್ಧ ಗಂಟೆ ನಿಂತೆ,
ಪರದೆಯ ಸಂದಿನಲ್ಲಿ ಬಿಸಿಲು ನನ್ನನ್ನು ಹುಡುಕುತ್ತಿತ್ತು.
ಒಮ್ಮೆ ಅತ್ತೆ. ಯಾರೂ ಇರಲಿಲ್ಲ, ಹಸು ಕೇಳಿಸಿಕೊಂಡಿತು.

ಮೂರನೆಯದರ ರಾತ್ರಿ ಬೆವರು,
ಅಂಗಿ ಹಿಂಡಿದರೆ ಬಟ್ಟಲು ತುಂಬುವಷ್ಟು.
ಬೆಳಗಿನ ಜಾವ ಚಾಪೆ ತಾನೇ ನೆಲಕ್ಕೆ ಜಾರಿತ್ತು.

ಬಳೆ ಇನ್ನೂ ಇದೆ. ಮಂಡಿ ಇನ್ನೂ ಗೊಣಗುತ್ತದೆ.
ಡಬ್ಬಿಯಲ್ಲಿ ಇಪ್ಪತ್ತೈದು.
ನಾಲ್ಕನೆಯದನ್ನು ನುಂಗಿ ಗಡಿಯಾರದ ಎದುರು ಕೂತೆ:
ಹತ್ತು, ಹತ್ತೂವರೆ, ಹನ್ನೊಂದು.
ಮೇಜಿನ ಮೇಲೆ ಹಾಲು ಕೆನೆಗಟ್ಟಿ ತಣ್ಣಗಾಗಿತ್ತು.
ಬೆರಳಲ್ಲಿ ಕೆನೆ ಸರಿಸಿ
ಒಂದೇ ಗುಟುಕಿಗೆ ಕುಡಿದೆ.