ಅರ್ಜಿ ಹಾಕಿದೆ

ಆ ಕಾರಿಗೆ ಬ್ರೇಕು ಇರಲಿಲ್ಲ ಎನ್ನುವವರು ಸುಳ್ಳು ಹೇಳುತ್ತಾರೆ.
ಬ್ರೇಕು ನಾನಿದ್ದೆ.
ಒಂಬತ್ತು ವರ್ಷ, ಎರಡು ಜಡೆ,
ಹಿಂದಿನ ಹಲಗೆಯ ಮೇಲೆ ಕುಕ್ಕರುಗಾಲು,
ಮಡಿಲಲ್ಲಿ ಹಲಸಿನ ಮರದ ಅಡೆ.
"ಸೆವ್ರಿನ್, ಘಾಲ್!" ಎಂದು ಅಪ್ಪ ಕೂಗಿದರೆ
ಹಾರಬೇಕು, ಚಕ್ರದ ಬುಡಕ್ಕೆ ಅಡೆ ಕೊಡಬೇಕು,
ಕೈ ಎಳೆದುಕೊಳ್ಳಬೇಕು. ಇದೇ ಕ್ರಮದಲ್ಲಿ.
ಒಮ್ಮೆ ಕ್ರಮ ತಪ್ಪಿತು.
ಆ ಉಗುರು ಇವತ್ತಿಗೂ ಸೊಟ್ಟಗೇ ಬೆಳೆಯುತ್ತದೆ.

ಅಪ್ಪ, ಕಾಸ್ಮಿರ್ ರೆಬೆಲ್ಲೊ,
ಯುದ್ಧದ ಕಾಲದಲ್ಲಿ ಇದ್ದಿಲ ಬಸ್ಸಿನ ಒಲೆ ಊದಿದವರು.
ಪೆಟ್ರೋಲು ತಿರುಗಿ ಬಂತು, ಊದುವ ಕೆಲಸ ಹೋಯಿತು,
ಊದುವ ಚಟ ಹೋಗಲಿಲ್ಲ.
ಮಿಲಿಟರಿ ಡಿಸ್ಪೋಸಲಿನಿಂದ ಒಂದು ಇಂಜಿನು ಬಂತು ಗೋಣಿಯಲ್ಲಿ.
ಬಾವಿಯ ನೀರೆತ್ತುತ್ತಿತ್ತೋ, ಗಿರಣಿ ತಿರುಗಿಸುತ್ತಿತ್ತೋ,
ಯಾರಿಗೂ ಗೊತ್ತಿಲ್ಲ.
"ಸುತ್ತುತ್ತದಲ್ಲ ಮಾರಾಯ" ಅಂದರು ಅಪ್ಪ.

ಮೈ ಕಟ್ಟಿದ್ದು ಬೋಳಾರದ ದೇಜಪ್ಪಣ್ಣ.
ಅವರಿಗೆ ಮಂಜಿ ಬಿಟ್ಟು ಬೇರೆ ಕಟ್ಟಲು ಬಾರದು.
ಕಿರಾಲಬೋಗಿಯ ಪಕ್ಕೆಲುಬು, ಸಂದಿಗೆ ಹತ್ತಿ ಮತ್ತು ರಾಳ,
ಮೇಲಿನಿಂದ ಮೂರು ಕೈ ಗೇರೆಣ್ಣೆ.
ಮುಟ್ಟಿದವರ ಕೈಯೆಲ್ಲ ಬೊಕ್ಕೆ.
ಕಣ್ಣು ಎರಡು, ಒಂದು ಬಸ್ಸಿನದು, ಒಂದು ಹಡಗಿನದು;
ಒಂದು ರಸ್ತೆ ನೋಡುತ್ತಿತ್ತು,
ಇನ್ನೊಂದು ಲಕ್ಷದ್ವೀಪ.
ಆಟಿ ತಿಂಗಳಲ್ಲೂ ಒಂದು ಹನಿ ಸೋರಲಿಲ್ಲ.
ಹೊರಗಿನ ನೀರು ಒಳಗೆ ಬರುತ್ತಿರಲಿಲ್ಲ, ನಿಜ,
ಬಾಗಿಲಿಂದ ಬಿದ್ದ ನೀರು ಹೊರಗೂ ಹೋಗುತ್ತಿರಲಿಲ್ಲ.
ಚೆಂಬಿನಲ್ಲಿ ಮೊಗೆಯುತ್ತಿದ್ದೆವು.

ಗೇರಿನ ಎಣ್ಣೆ ಇತ್ತು,
ಹಿಂದೆ ಹೋಗುವ ಗೇರು ಇರಲಿಲ್ಲ.
ತಿರುಗಿಸಬೇಕಾದರೆ ಎತ್ತಲು ಎಂಟು ಕೈ.
ಅದಕ್ಕೇ ನಮ್ಮ ಸವಾರಿ ಹಂಚಿನ ಕಾರ್ಖಾನೆ ಬಿಡುವ ಹೊತ್ತಿಗೆ;
ಮಣ್ಣು ಮೆತ್ತಿದ ಗಂಡಸರು ನಗುತ್ತ ಎತ್ತಿ
ಮನೆಯ ದಿಕ್ಕಿಗೆ ಇಡುತ್ತಿದ್ದರು.

ಇನ್‌ಸ್ಪೆಕ್ಟರು ಬಂದರು, ಕಾಗದ ಬಿಚ್ಚಿದರು.
"ಯಾವ ಕಂಪೆನಿ?"
ಅಪ್ಪ ದೇಜಪ್ಪಣ್ಣನನ್ನು ನೋಡಿದರು,
ದೇಜಪ್ಪಣ್ಣ ಆಕಾಶ ನೋಡಿದರು.
"ಬೋಳಾರ" ಅಂದೆ ನಾನು. ಬರೆದುಕೊಂಡರು.
"ತಯಾರಾದ ವರ್ಷ?"
"ಇನ್ನೂ ಆಗ್ತಾ ಉಂಟು ಸ್ವಾಮಿ."

ಬಾವುಟಗುಡ್ಡೆಯ ಏರಿನ ನಡುವೆ ಇಂಜಿನು ಕೆಮ್ಮಿತು, ಸುಮ್ಮನಾಯಿತು.
ಕಾರು ಮೆಲ್ಲ ಹಿಂದಕ್ಕೆ.
ಇಲ್ಲದ ಗೇರಿನಲ್ಲಿ, ಅಷ್ಟು ಚಂದವಾಗಿ, ಹಿಂದಕ್ಕೆ.
ಘಾಲ್! ಹಾರಿದೆ. ಕೊಟ್ಟೆ. ಎಳೆದುಕೊಂಡೆ.
ಇನ್‌ಸ್ಪೆಕ್ಟರು ಇಳಿದು ಟೋಪಿ ತೆಗೆದು
ನನ್ನನ್ನು ಬಹಳ ಹೊತ್ತು ನೋಡಿದರು.
"ಇವಳನ್ನು ಯಾವ ಕಾಲಮಿನಲ್ಲಿ ಬರೆಯಲಿ ರೆಬೆಲ್ಲೊ?"

ಆದರೂ ಫೈಲು ಮದರಾಸಿಗೆ ಹೋಯಿತು.
ಬೋರ್ಡು ಬರೆಯುವ ವಾಮನ ಶೇಟ್
ನಂಬರಿನ ಜಾಗದಲ್ಲಿ ಬಿಳಿಯಲ್ಲಿ ಬರೆದ: ಅರ್ಜಿ ಹಾಕಿದೆ.
ಅದೇ ಕಾರಿನ ಹೆಸರು ಅಂದುಕೊಂಡರು ಮಕ್ಕಳು.
"ಅರ್ಜಿ ಬಂತು, ಅರ್ಜಿ ಬಂತು" ಎಂದು ಓಡುತ್ತಿದ್ದರು ಹಿಂದೆ.

ಐವತ್ತಾರರ ನವೆಂಬರು.
ರಾತ್ರಿ ಮಲಗಿ ಎದ್ದರೆ ನಾವು ಮದರಾಸಿನವರಲ್ಲ, ಮೈಸೂರಿನವರು.
ಮದರಾಸಿನಿಂದ ಕಾಗದ: ಆ ಜಿಲ್ಲೆ ಈಗ ನಮ್ಮದಲ್ಲ.
ಬೆಂಗಳೂರಿನಿಂದ ಕಾಗದ: ಅಂಥ ಕಾರು ನಮ್ಮಲ್ಲಿಲ್ಲ.
ಅಪ್ಪ ಎರಡನ್ನೂ ಒಂದೇ ಮೊಳೆಗೆ ಸಿಕ್ಕಿಸಿದರು,
ಪ್ಲಗ್ಗು ಉಜ್ಜಲು ಹೊರಟರು.

ಇಂಜಿನು ಕೊನೆಗೆ ಐಸಿನ ಕಾರ್ಖಾನೆಗೆ ಮಾರಾಟ.
ಮೈಯನ್ನು ದೇಜಪ್ಪಣ್ಣ ಕೊಂಡುಹೋದರು;
ಆ ಪಕ್ಕೆಲುಬು ಯಾವ ಮಂಜಿಯೊಳಗೆ ಸೇರಿತು ಎಂದು
ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಮೊನ್ನೆ ಸಿಟಿ ಬಸ್ಸು ಅದೇ ಏರಿನಲ್ಲಿ ನಿಂತು
ಒಂದು ಗೇಣು ಹಿಂದೆ ಜಾರಿತು.
ಎಪ್ಪತ್ತೆಂಟರ ಮಂಡಿ ಎದ್ದಾಗಿತ್ತು,
ಕೈ ಸೀಟಿನಡಿ ತಡಕುತ್ತಿತ್ತು.
"ಎಂತ ಬಿತ್ತು ಬಾಯಮ್ಮ?" ಕಂಡಕ್ಟರು ಬಗ್ಗಿ ನೋಡಿದ.

"ಎಂತದಿಲ್ಲ" ಅಂದೆ. "ಚಿಲ್ಲರೆ."