ಬರ್ಫದ ಖಾತೆ

ತಂಡದ ಚರಿತ್ರೆ ಬರೆದುಕೊಡಿ ಎಂದಿದ್ದಾಳೆ ಹೇಮಾಂಗಿ.
ಬೆಳ್ಳಿಹಬ್ಬವಂತೆ, ಎರಡು ಪುಟ ಸಾಕಂತೆ.
ನನ್ನಲ್ಲಿರುವುದು ಚರಿತ್ರೆಯಲ್ಲ,
ಕೆಂಪು ಬಟ್ಟೆಯ ರಟ್ಟಿನ ಒಂದು ಖಾತೆ ಪುಸ್ತಕ,
ಸಸೂನ್ ಡಾಕಿನ ಐಸ್ ಫ್ಯಾಕ್ಟರಿಯಿಂದ ಕದ್ದದ್ದು,
ಕನ್ನಡದಲ್ಲಿ ಬರೆದದ್ದು
ಸೇಠನಿಗೆ ಓದಲು ಬಾರದಿರಲಿ ಎಂದು.

ಮೊದಲ ಪುಟ. ಜಮಾ: ಸೊನ್ನೆ.
ಖರ್ಚು: ಚೋರ್ ಬಜಾರಿನ ಹಳೆಯ ಸ್ಕೇಟು, ಆರು ಜೊತೆ,
ಚಕ್ರದವು, ಒಂದಕ್ಕೆ ಮೂರೇ ಚಕ್ರ.
ಸಾಣೆಯ ಇಸ್ಮಾಯಿಲ್ ಚಕ್ರ ಕಿತ್ತು ಅಲಗು ಕೂಡಿಸಿದ,
ಮಜೂರಿ ಬೇಡವೆಂದ, ಚಹಾ ಎರಡು.

ಹೋಶಂಗ್ ಸೋಪಾರಿವಾಲಾ, ಹಡಗಿನ ಮಾಜಿ ಫಿಟ್ಟರ್,
ಸಮುದ್ರವೇ ಗಟ್ಟಿಯಾಗಿಬಿಟ್ಟ ಯಾವುದೋ ಬಂದರಿನಲ್ಲಿ
ಎರಡು ತಿಂಗಳು ಸಿಕ್ಕಿಬಿದ್ದು ಈ ಆಟ ಕಲಿತವನು,
ನನ್ನ ಮೇಜಿಗೆ ಮೊಣಕೈಯೂರಿ ಕೇಳಿದ್ದ:
ದಿನಕ್ಕೆ ನಲವತ್ತು ಟನ್ ಮಾಡುತ್ತೀರಿ, ಎಲ್ಲ ಮೀನಿಗೆ.
ಸತ್ತವಕ್ಕೆ ಇಷ್ಟು,
ಓಡಾಡುವ ಮಕ್ಕಳಿಗೆ ಒಂದು ಅಂಗಳದಷ್ಟೂ ಇಲ್ಲವಾ, ಭುಜಂಗ?

ನಾನು ಗುಮಾಸ್ತ. ಅಂಥ ಪ್ರಶ್ನೆಗೆ ಕಾಲಮ್ಮು ಇರಲಿಲ್ಲ.

ಭಾನುವಾರ, ಹಿಂದಿನ ಶೆಡ್ಡು.
ಒಡೆದು ಮಾರಾಟಕ್ಕೆ ಬಾರದ ಲಾದಿಗಳನ್ನು
ಒತ್ತೊತ್ತಾಗಿ ಹಾಸಿ, ಸಂದಿಗೆ ನೀರು ಹೊಯ್ದು, ಉಪ್ಪು ತಾಕದಂತೆ ಕಾದು
ಹದಿನೆಂಟು ಅಡಿಗೆ ಹತ್ತು.
ಆಟ ಮೂವತ್ತೈದು ನಿಮಿಷ.
ಆಮೇಲೆ ಹಿಮ್ಮಡಿ ಮುಳುಗುವ ನೀರು,
ನೀರಲ್ಲೂ ಬಿಡದೆ ಕೋಲು ಬೀಸುವ ಓಸ್ವಾಲ್ಡ್.
ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಎಂದಳು ಗುಲಾಬಿ,
ಹನ್ನೆರಡು ಕಾಲುಚೀಲ ಹಿಂಡಿ
ನಮ್ಮ ಚಾಳಿನ ಕಟಾಂಜನಕ್ಕೆ ಹರವುತ್ತ.

ಗೋಲಿಗೆ ಬಲೆ ಬೇಕು.
ಹೇಮಾಂಗಿಯ ಅಪ್ಪ ಪಾಂಡು ಟಾಂಡೇಲ್
ಬಿಲ್ಲೆಯನ್ನು ಕೈಯಲ್ಲಿ ತಿರುಗಿಸಿ, ಮೂಸಿ,
ಪಾಪ್ಲೆಟ್ ಬಲೆಯಲ್ಲಿ ಜಾರೀತು ಇದು,
ಬೊಂಬಿಲ್ ಬಲೆಯೇ ಆಗಬೇಕು, ಎಂದ.
ನಾಲ್ಕು ರಾತ್ರಿ ಹೆಣೆದ. ನಾನು ಬರೆದೆ:
ಬಲೆ ಒಂದು, ಉದ್ರಿ.
ಮೀನುಗಾರರ ಹುಡುಗರು ನಮ್ಮನ್ನು ಕರೆದದ್ದು ಬರ್ಫ್‌ವಾಲೇ ಎಂದು.
ಬೈಗುಳವೇ ಹೆಸರಾಯಿತು, ಅಂಗಿಯ ಬೆನ್ನಿಗೇರಿತು.

ಹದಿಮೂರನೇ ಪುಟದಲ್ಲೊಂದು ಸಾಲಿದೆ:
ಸುಹಾಸ್ ಪಾಗಧರೆ, ವಯಸ್ಸು ಹನ್ನೊಂದು,
ಮನೆ ವಿರಾರಿಗೆ ಹೋಯಿತು, ಹೇಳದೆ ಹೋದ.
ಎಡಗಾಲಿನ ಸ್ಕೇಟು ಒಂದು, ಬಾಕಿ.
ಬಲಗಾಲಿನದು ಇಲ್ಲೇ ಇದೆ, ನನ್ನ ಮಂಚದ ಕೆಳಗೆ.
ಅವನೊಬ್ಬನೇ ಹಿಮ್ಮುಖ ಜಾರಬಲ್ಲವನಾಗಿದ್ದ.

ಐದನೇ ವರ್ಷ ಲೇಹ್.
ರೈಲು, ಬಸ್ಸು, ಸಾಲದ ಸ್ವೆಟರು, ವಾಂತಿ.
ಹೆಪ್ಪುಗಟ್ಟಿದ ಕೆರೆಯ ಅಂಚಿನಲ್ಲಿ ನಮ್ಮವರು ನಿಂತೇಬಿಟ್ಟರು:
ಯಾರು ಹಾಸಿದರು ಇಷ್ಟನ್ನು?
ಕರಗುವುದೇ ಇಲ್ಲವಾ, ಎಂದು ಕೇಳಿದ ಜರೀರ್.
ಆಮೇಲೆ ಎಲ್ಲರೂ ಬೋರಲು ಮಲಗಿ ಕಿವಿಯಿಟ್ಟರು.
ಒಳಗಡೆ ಏನೋ ಕೊರ್ ಎನ್ನುತ್ತಿತ್ತು,
ನಮ್ಮ ಕಂಪ್ರೆಸರಿನ ಹಾಗೆ.
ಹತ್ತೊಂಬತ್ತಕ್ಕೆ ಸೊನ್ನೆ.
ಮೂವತ್ತೈದನೇ ನಿಮಿಷಕ್ಕೆ ಅಭ್ಯಾಸಬಲದಿಂದ
ಎಲ್ಲರೂ ಆಟ ನಿಲ್ಲಿಸಿ ಕಾಲು ನೋಡಿಕೊಂಡರು.
ಆಗ ಬಿದ್ದವೇ ಏಳು ಗೋಲು.

ಮರುವರ್ಷ ಹದಿನಾಲ್ಕಕ್ಕೆ ಒಂದು.
ಜರೀರನ ಕೋಲಿಗಲ್ಲ, ಮೊಣಕಾಲಿಗೆ ಬಡಿದು ಹೋದದ್ದು.
ಹೋಶಂಗ್ ಟೋಪಿ ತೆಗೆದು ಬಹಳ ಹೊತ್ತು ಕಣ್ಣೊರೆಸಿಕೊಂಡ,
ಗಾಳಿ, ಎಂದ.
ಕೆಂಪು ಶಾಯಿಯಲ್ಲಿ ಬರೆದೆ: ಜಮಾ, ಒಂದು.
ಇಡೀ ಪುಸ್ತಕದಲ್ಲಿ ರೂಪಾಯಿ ಗುರುತಿಲ್ಲದ ಅಂಕಿ ಅದೊಂದೇ.

ಫ್ಯಾಕ್ಟರಿ ಮುಚ್ಚಿತು. ಮಾಲಿನ ಮೂರನೇ ಮಹಡಿಗೆ ಬಂತು ಬರ್ಫ,
ರಾತ್ರಿ ಹನ್ನೊಂದರ ಮೇಲೆ ಅರ್ಧ ದರ.
ಹೋಶಂಗ್ ಕೊನೆಯ ಮೇ ತಿಂಗಳಲ್ಲೂ
ಸ್ವೆಟರು ಹಾಕಿ ಗಾಜಿನಾಚೆ ಕೂರುತ್ತಿದ್ದ.
ಮೊನ್ನೆ ಹೋಗಿದ್ದೆ ನಾನೂ.
ಚೊಕ್ಕ, ಬಿಳಿ, ಯಾವ ವಾಸನೆಯೂ ಇಲ್ಲ.
ಒಬ್ಬ ಹುಡುಗಿ ಹಿಮ್ಮುಖ ಜಾರಿದಳು, ಸಲೀಸಾಗಿ,
ಯಾರೂ ತಿರುಗಿ ನೋಡಲಿಲ್ಲ.

ಎರಡು ಪುಟ ಮೀರಿತು, ಹೇಮಾ.
ಫೋಟೋ ಕೇಳಿದ್ದೆಯಲ್ಲ, ಇಲ್ಲ.
ಬೇಕಾದ್ದು ಹೊಡೆದುಹಾಕು, ನನ್ನ ಹೆಸರೂ ಬೇಡ.
ಸುಹಾಸನ ಸಾಲನ್ನು ಮಾತ್ರ ಇರಗೊಡು,
ವಿರಾರಿನಲ್ಲಿ ಯಾರಾದರೂ ಓದಿಯಾರು.